ಬೆಂಚಿನ ಮೇಲೆ ಕಲಿತ ವಿದ್ಯೆ: ಸ್ಟೀವ್ ಕೆರ್ ಕುರಿತು ಓದುಗರ ಪ್ರಶ್ನೆಗಳು

ಆಟಗಾರರಾಗಿದ್ದು ಮುಂದೆ ಕೋಚ್ ಆದವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದ ಟಿಪ್ಪಣಿಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡವಾದ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಕೋಚ್ ಆಗಿ ನಾಲ್ಕು ಎನ್‌ಬಿಎ (ಅಲ್ಲಿನ ವೃತ್ತಿಪರ ಲೀಗ್) ಪ್ರಶಸ್ತಿ ತಂದುಕೊಟ್ಟ ಸ್ಟೀವ್ ಕೆರ್ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಓದುಗರಿಗೆ ಅಷ್ಟು ಸಾಕಾಗಲಿಲ್ಲವೆಂದು ಬಂದಿರುವ ಪತ್ರಗಳೇ ಹೇಳುತ್ತವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪಂದ್ಯವೊಂದಕ್ಕೆ ಸರಾಸರಿ ಆರು ಅಂಕ ಗಳಿಸಿದ ಆಟಗಾರ ಎನ್‌ಬಿಎಯಂಥ ಕಡೆ ಹದಿನೈದು ಸೀಸನ್ ಉಳಿದದ್ದು ಹೇಗೆ? ಅದೃಷ್ಟವೇ? (ಮಂಡ್ಯದ ಓದುಗರೊಬ್ಬರು)

ಉತ್ತರ: ಅದೃಷ್ಟದ ಪಾಲು ಇಲ್ಲವೆನ್ನಲಾಗದು, ಏಕೆಂದರೆ ಮೈಕೆಲ್ ಜೋರ್ಡಾನ್ ಮತ್ತು ಟಿಮ್ ಡಂಕನ್ ಇಬ್ಬರ ತಂಡದಲ್ಲೂ ಆಡುವ ಯೋಗ ಎಲ್ಲರಿಗೂ ಬರುವುದಿಲ್ಲ. ಆದರೆ ಅಂಥ ತಂಡಗಳು ಒಬ್ಬ ಆಟಗಾರನನ್ನು ವರ್ಷಗಟ್ಟಲೆ ಸಾಕಿಕೊಂಡಿರಬೇಕಾದರೆ ಅವನಿಂದ ಏನಾದರೂ ಒಂದು ಕೆಲಸ ಖಚಿತವಾಗಿ ಆಗುತ್ತಿರಬೇಕು. ಕೆರ್ ಎತ್ತರದಲ್ಲಿ ಆರಡಿ ಮೂರು ಇಂಚು, ಓಟದಲ್ಲಿ ನಿಧಾನ, ಜಿಗಿತದಲ್ಲಿ ಸಾಧಾರಣ. ಶಾಲೆ ಮುಗಿಸಿದಾಗ ದೊಡ್ಡ ಕಾಲೇಜುಗಳು ಅವರನ್ನು ಹೆಚ್ಚುಕಡಿಮೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕೋಚ್ ಆಗಿ ಬಂದಿದ್ದ ಲ್ಯೂಟ್ ಓಲ್ಸನ್ ಅವರು ಜಾಗ ಕೊಟ್ಟರು. 1986ರಲ್ಲಿ ಸ್ಪೇನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕ ತಂಡಕ್ಕೆ ಆಡುತ್ತಿದ್ದಾಗ ಮೊಣಕಾಲಿನ ಅಸ್ಥಿರಜ್ಜು ಹರಿದು ಒಂದಿಡೀ ಸೀಸನ್ ಕಳೆದುಕೊಂಡರು. 1988ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಫೀನಿಕ್ಸ್ ಸನ್ಸ್ ತಂಡ ಅವರನ್ನು ಆರಿಸಿಕೊಂಡದ್ದು ಎರಡನೆಯ ಸುತ್ತಿನಲ್ಲಿ, ಒಟ್ಟು 50ನೆಯವರಾಗಿ.

ಮುಂದೆ ಆಡಿದ 910 ಪಂದ್ಯಗಳಲ್ಲಿ ಅವರು ಆರಂಭದ ಐವರಲ್ಲಿ ಒಬ್ಬರಾಗಿ ಕಣಕ್ಕಿಳಿದದ್ದು ಕೇವಲ 30 ಪಂದ್ಯಗಳಲ್ಲಿ. ಉಳಿದೆಲ್ಲ ಪಂದ್ಯಗಳಲ್ಲಿ ಅವರು ಬೆಂಚಿನಿಂದ ಎದ್ದು ಬಂದವರು. ಆದರೂ 1996, 1997, 1998ರಲ್ಲಿ ಶಿಕಾಗೊ ಬುಲ್ಸ್ ಜೊತೆ, 1999 ಮತ್ತು 2003ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೊತೆ ಒಟ್ಟು ಐದು ಸಲ ಚಾಂಪಿಯನ್ ಆದರು. 2003ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ, ಅಂದರೆ ಲೀಗ್‌ನ ಪಶ್ಚಿಮ ವಿಭಾಗದ ಅಂತಿಮ ಸರಣಿಯ, ಆರನೆಯ ಪಂದ್ಯವನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆ ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರದ ನಾಕೌಟ್ ಸುತ್ತುಗಳು) ಅಲ್ಲಿಯವರೆಗೆ ಹೆಚ್ಚೇನೂ ಆಡಿರದ, 37 ವರ್ಷದ ಕೆರ್, ಸ್ಪರ್ಸ್ ತಂಡ ಡಲ್ಲಾಸ್ ವಿರುದ್ಧ ಹತ್ತಕ್ಕೂ ಹೆಚ್ಚು ಅಂಕಗಳ ಹಿನ್ನಡೆಯಲ್ಲಿದ್ದಾಗ ಒಳಗೆ ಬಂದು, ಹೊಡೆದ ನಾಲ್ಕು ತ್ರೀ ಪಾಯಿಂಟರ್‌ಗಳನ್ನೂ (ದೂರದ ಗೆರೆಯಾಚೆಯಿಂದ ಹೊಡೆಯುವ, ಮೂರು ಅಂಕದ ಶಾಟ್) ಬುಟ್ಟಿಗೆ ಹಾಕಿದರು. ಗಂಟೆಗಟ್ಟಲೆ ಕುಳಿತು ಮೈ ತಣ್ಣಗಾದ ಮೇಲೂ ಕರೆ ಬಂದ ಕ್ಷಣದಲ್ಲಿ ಕೈ ತಪ್ಪದಿರುವುದು ಒಂದು ಪ್ರತ್ಯೇಕ ವಿದ್ಯೆ, ಮತ್ತು ತಾರೆಯರಿಗೆ ಅದನ್ನು ಕಲಿಯುವ ಅವಕಾಶವೇ ಒದಗುವುದಿಲ್ಲ. ಕೋಚ್ ಕೆರ್ ಅವರನ್ನು ಅರ್ಥಮಾಡಿಕೊಳ್ಳಲು ಇಲ್ಲಿಂದಲೇ ಹೊರಡಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ತ್ರೀ ಪಾಯಿಂಟ್ ನಿಖರತೆಯಲ್ಲಿ ಕೆರ್ ಅವರೇ ಎನ್‌ಬಿಎ ಇತಿಹಾಸದ ಮೊದಲಿಗರೆಂದು ಬರೆದಿದ್ದೀರಿ. ಹಾಗಾದರೆ ಸ್ಟೆಫನ್ ಕರಿ? (ಹುಬ್ಬಳ್ಳಿ)

ಉತ್ತರ: ಶೇಕಡಾವಾರು ಲೆಕ್ಕದಲ್ಲಿ ಕೆರ್ ಮೊದಲಿಗರು. 1,599 ಪ್ರಯತ್ನಗಳಲ್ಲಿ 726 ಯಶಸ್ಸು, ಅಂದರೆ ಶೇ 45.4. ಆದರೆ ಈ ಅಂಕಿಯನ್ನು ಒಂಟಿಯಾಗಿ ಓದಬಾರದು. ಹದಿನೈದು ಸೀಸನ್‌ಗಳಲ್ಲಿ ಕೆರ್ ಹಾಕಿದ್ದು 726. ವಾರಿಯರ್ಸ್ ತಾರೆ ಕರಿ 2015–16ರ ಒಂದೇ ಸೀಸನ್‌ನಲ್ಲಿ 402 ಹಾಕಿದರು, ಅದೂ ಇಬ್ಬಿಬ್ಬರು ಕಾವಲುಗಾರರು ಮೈಮೇಲೆ ಬೀಳುತ್ತಿದ್ದಾಗ. ಮತ್ತೊಂದು ವಿಷಯವನ್ನೂ ಹೇಳಬೇಕು. 1994ರಿಂದ 1997ರವರೆಗಿನ ಮೂರು ಸೀಸನ್‌ಗಳಲ್ಲಿ ಎನ್‌ಬಿಎ ತನ್ನ ತ್ರೀ ಪಾಯಿಂಟ್ ಗೆರೆಯನ್ನು 23 ಅಡಿ 9 ಇಂಚಿನಿಂದ 22 ಅಡಿಗೆ ಒಳತಂದಿತ್ತು. ನಮ್ಮ ಕಂಠೀರವ ಒಳಾಂಗಣದಂಥ ಕಡೆ ಕಾಣುವ 6.75 ಮೀಟರ್ ಗೆರೆಗೆ ಅದು ಹತ್ತಿರದ ದೂರ. ಕೆರ್ ಅವರ ಶೇ 52.4ರ ಸೀಸನ್ ಬಂದದ್ದು ಆ ಅವಧಿಯಲ್ಲೇ. ಹಾಗೆಂದು ಎಲ್ಲವೂ ಗೆರೆಯ ಕೃಪೆಯೆನ್ನುವಂತಿಲ್ಲ, ಏಕೆಂದರೆ ಹಳೆಯ ದೂರದ ಗೆರೆಯಿಂದಲೇ 1989–90ರಲ್ಲಿ ಕ್ಲೀವ್‌ಲೆಂಡ್ ಪರವಾಗಿ ಶೇ 50.7 ಹೊಡೆದು ಅವರು ಲೀಗ್‌ಗೆ ಮೊದಲಿಗರಾಗಿದ್ದರು.

ಪ್ರಶ್ನೆ: ಅಭ್ಯಾಸದ ವೇಳೆ ಜೋರ್ಡಾನ್ ಕೆರ್ ಅವರಿಗೆ ಮುಷ್ಟಿಯಿಂದ ಗುದ್ದಿದ್ದು ನಿಜವೇ? ಗುದ್ದಿದವರಿಗೇ ಆಮೇಲೆ ಗೆಲುವಿನ ಪಾಸ್ ಕೊಟ್ಟರೆಂದರೆ ನಂಬಲಾಗುತ್ತಿಲ್ಲ. (ಶಿವಮೊಗ್ಗ)

ಉತ್ತರ: ಎರಡೂ ನಿಜ. 1995ರ ಸೀಸನ್-ಪೂರ್ವ ಶಿಬಿರದಲ್ಲಿ, ಬೇಸ್‌ಬಾಲ್ ಬಿಟ್ಟು ಮರಳಿ ಬಂದು ಹಿಂದಿನ ಪ್ಲೇಆಫ್‌ನಲ್ಲಿ ಸೋತ ಸಿಟ್ಟಿನಲ್ಲಿದ್ದ ಜೋರ್ಡಾನ್ ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಕೆರ್ ಮಾತಿಗೆ ಮಾತು ಕೊಟ್ಟರು, ತಳ್ಳಾಟವಾಯಿತು, ಕೆರ್ ಅವರ ಕಣ್ಣು ಊದಿಕೊಂಡಿತು. ಅದೇ ದಿನ ಜೋರ್ಡಾನ್ ಫೋನ್ ಮಾಡಿ ಕ್ಷಮೆ ಕೇಳಿದರು. ತಿರುಗಿ ನಿಂತದ್ದರಿಂದಲೇ ತನ್ನ ಮೇಲೆ ಜೋರ್ಡಾನ್‌ಗೆ ನಂಬಿಕೆ ಹುಟ್ಟಿತೆಂದು ಕೆರ್ ಮುಂದೆ ಹಲವು ಬಾರಿ ಹೇಳಿದ್ದಾರೆ.

ಪಾಸ್ ಬಂದದ್ದು 1997ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ, ಯೂಟಾ ಜಾಝ್ ವಿರುದ್ಧ. ಅಂಕ 86–86, ಅರ್ಧ ನಿಮಿಷಕ್ಕೂ ಕಡಿಮೆ ಸಮಯ. ಆ ಟೈಮ್‌ಔಟ್‌ನ ದೃಶ್ಯ ಇಂದಿಗೂ ನೋಡಲು ಸಿಗುತ್ತದೆ: ಬೆಂಚಿನ ಮೇಲೆ ಕುಳಿತ ಜೋರ್ಡಾನ್ ಕೆರ್ ಕಡೆ ವಾಲಿ, ಜಾನ್ ಸ್ಟಾಕ್ಟನ್ ನಿನ್ನನ್ನು ಬಿಟ್ಟು ನನ್ನ ಕಡೆ ಬರುತ್ತಾನೆ, ಸಿದ್ಧವಾಗಿರು ಎಂದು ಎಚ್ಚರಿಸುತ್ತಾರೆ, ಕೆರ್ ತಲೆಯಾಡಿಸಿ, ಅವನು ಬಂದರೆ ನಾನು ಸಿದ್ಧ ಎನ್ನುತ್ತಾರೆ. ಸ್ಟಾಕ್ಟನ್ ಹಾಗೆಯೇ ಮಾಡಿದರು, ಚೆಂಡು ಕೆರ್ ಕೈಗೆ ಬಂತು, ಐದು ಸೆಕೆಂಡು ಉಳಿದಿರುವಂತೆ ಶಾಟ್ ಬುಟ್ಟಿಗೆ ಬಿತ್ತು. ವಿಜಯೋತ್ಸವದ ವೇದಿಕೆಯಲ್ಲಿ ಕೆರ್, ಇಂಥ ಇಕ್ಕಟ್ಟಿನ ಸಂದರ್ಭ ಜೋರ್ಡಾನ್‌ಗೆ ಒಗ್ಗುವುದಿಲ್ಲ, ಹಾಗಾಗಿ ಮತ್ತೆ ನಾನೇ ಅವನನ್ನು ಕಾಪಾಡಬೇಕಾಯಿತು ಎಂಬ ಧಾಟಿಯಲ್ಲಿ ಮಾತಾಡಿ ಜೋರ್ಡಾನ್ ಸಮೇತ ಎಲ್ಲರನ್ನೂ ನಗಿಸಿದರು.

ಇದೇ ಪತ್ರದಲ್ಲಿ 2022ರ ಘಟನೆಯನ್ನೂ ಕೇಳಿದ್ದೀರಿ. ಆ ಅಕ್ಟೋಬರ್‌ನಲ್ಲಿ ವಾರಿಯರ್ಸ್ ಅಭ್ಯಾಸದಲ್ಲಿ ಡ್ರೇಮಂಡ್ ಗ್ರೀನ್ ತಮ್ಮದೇ ತಂಡದ ಕಿರಿಯ ಆಟಗಾರ ಜೋರ್ಡಾನ್ ಪೂಲ್ ಅವರಿಗೆ ಗುದ್ದಿದರು, ವಿಡಿಯೊ ಹೊರಬಿದ್ದು ಇಡೀ ಜಗತ್ತು ನೋಡಿತು. ಗ್ರೀನ್ ಕೆಲವು ದಿನ ತಂಡದಿಂದ ದೂರವಿದ್ದರು, ದಂಡ ಕಟ್ಟಿದರು, ಆದರೆ ಒಂದು ಪಂದ್ಯದ ಅಮಾನತೂ ಆಗಲಿಲ್ಲ. ತನ್ನ ಅನುಭವದಲ್ಲಿ ಗುದ್ದು ಒಂದು ಫೋನ್ ಕರೆಯಲ್ಲಿ ಮುಗಿದಿದ್ದರಿಂದ ಇದೂ ಹಾಗೆಯೇ ಮುಗಿಯಬಹುದೆಂಬ ನಿರೀಕ್ಷೆ ಕೆರ್ ಅವರಲ್ಲಿ ಇದ್ದಿರಬಹುದೆಂದು ನನಗೆ ಅನಿಸುತ್ತದೆ. ಮುಗಿಯಲಿಲ್ಲ. ಆ ಸೀಸನ್ ಎರಡನೆಯ ಸುತ್ತಿನಲ್ಲಿ ಲೇಕರ್ಸ್ ಎದುರು ಕೊನೆಗೊಂಡಿತು, ಮುಂದಿನ ಬೇಸಿಗೆಯಲ್ಲಿ ಪೂಲ್ ವಾಷಿಂಗ್ಟನ್ ತಂಡಕ್ಕೆ ಹೋದರು. ಕೆರ್ ಅವರ ಕೋಚ್ ಬದುಕಿನಲ್ಲಿ ಇದನ್ನು ನಾನು ವಿಫಲ ಅಧ್ಯಾಯವೆಂದೇ ಎಣಿಸುತ್ತೇನೆ.

ಪ್ರಶ್ನೆ: ಒಂದು ಪಂದ್ಯಕ್ಕೂ ಕೋಚ್ ಆಗಿರದವರಿಗೆ 2014ರಲ್ಲಿ ವಾರಿಯರ್ಸ್ ತಂಡವನ್ನು ಒಪ್ಪಿಸಿದ್ದೇಕೆ? ಅವರು ನಿಜವಾಗಿ ಬದಲಾಯಿಸಿದ್ದೇನು? (ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ, ಇದೇ ಪ್ರಶ್ನೆ ಧಾರವಾಡದಿಂದಲೂ ಬಂದಿದೆ)

ಉತ್ತರ: ಕೋಚ್ ಆಗಿರಲಿಲ್ಲ ನಿಜ, ಆದರೆ ಅವರು ಯಾರ ಕೈಕೆಳಗೆ ಆಡಿದ್ದರೆಂದು ನೋಡಿ. ಕಾಲೇಜಿನಲ್ಲಿ ಓಲ್ಸನ್, ಕ್ಲೀವ್‌ಲೆಂಡ್‌ನಲ್ಲಿ ಲೆನ್ನಿ ವಿಲ್ಕೆನ್ಸ್, ಶಿಕಾಗೊದಲ್ಲಿ ಫಿಲ್ ಜಾಕ್ಸನ್, ಸ್ಯಾನ್ ಆಂಟೋನಿಯೊದಲ್ಲಿ ಗ್ರೆಗ್ ಪೊಪೊವಿಚ್. ಬ್ಯಾಸ್ಕೆಟ್‌ಬಾಲ್ ತರಬೇತಿಗೆ ಒಂದು ಗುರುಕುಲವಿದ್ದಿದ್ದರೆ ಅಲ್ಲಿನ ಅಧ್ಯಾಪಕರ ಪಟ್ಟಿ ಬಹುತೇಕ ಹೀಗೆಯೇ ಇರುತ್ತಿತ್ತು. 2003ರಲ್ಲಿ ಆಟ ಬಿಟ್ಟ ಮೇಲೆ ಕೆರ್ ಟಿಎನ್‌ಟಿ ವಾಹಿನಿಯಲ್ಲಿ ವೀಕ್ಷಕ ವಿವರಣೆಗಾರರಾದರು, 2007ರಿಂದ 2010ರವರೆಗೆ ಫೀನಿಕ್ಸ್ ಸನ್ಸ್‌ನ ಜನರಲ್ ಮ್ಯಾನೇಜರ್ ಆದರು, ಮತ್ತೆ ವಾಹಿನಿಗೆ ಮರಳಿದರು. ಮ್ಯಾನೇಜರ್ ಆಗಿ ಅವರು ವೇಗದ ಆಟಕ್ಕೆ ಹೆಸರಾಗಿದ್ದ ತಂಡಕ್ಕೆ ವಯಸ್ಸಾಗುತ್ತಿದ್ದ ಶಕೀಲ್ ಓನೀಲ್ ಅವರನ್ನು ತಂದದ್ದು ತೀವ್ರ ಟೀಕೆಗೆ ಗುರಿಯಾಯಿತು. 2009ರಲ್ಲಿ ಕರಿ ಅವರನ್ನು ಫೀನಿಕ್ಸ್‌ಗೆ ಪಡೆಯಲು ನಡೆಸಿದ ಪ್ರಯತ್ನವೂ ಕೈಗೂಡಲಿಲ್ಲ. ಕೈಗೂಡಿದ್ದರೆ ನಾವು ಇವತ್ತು ಬೇರೆಯದೇ ಕಥೆ ಓದುತ್ತಿದ್ದೆವು.

2014ರಲ್ಲಿ ಗುರು ಜಾಕ್ಸನ್ ಅವರೇ ನ್ಯೂಯಾರ್ಕ್ ನಿಕ್ಸ್‌ಗೆ ಕರೆದಾಗ ಕೆರ್ ನಿರಾಕರಿಸಿ ವಾರಿಯರ್ಸ್ ಒಪ್ಪಿಕೊಂಡರು. ಆಗ ಆ ತಂಡ ಕೆಟ್ಟದ್ದೇನೂ ಆಗಿರಲಿಲ್ಲ, ಹಿಂದಿನ ಸೀಸನ್‌ನಲ್ಲಿ 51 ಪಂದ್ಯ ಗೆದ್ದಿತ್ತು. ಆದರೆ ಕರಿ, ಕ್ಲೇ ಥಾಂಪ್ಸನ್‌ರಂಥ ಶೂಟರ್‌ಗಳಿದ್ದೂ ಪಂದ್ಯವೊಂದಕ್ಕೆ ಕೊಡುವ ಪಾಸ್‌ಗಳ ಎಣಿಕೆಯಲ್ಲಿ ಇಡೀ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿತ್ತು. ಪಂದ್ಯಕ್ಕೆ 300 ಪಾಸ್ ಎಂಬ ಗುರಿಯನ್ನು ಕೆರ್ ಮುಂದಿಟ್ಟರು. ಜಾಕ್ಸನ್ ಅವರ ತ್ರಿಕೋನ ಆಟದಿಂದ (ಮೂವರು ತ್ರಿಕೋನವಾಗಿ ನಿಂತು ಪಾಸ್ ಕೊಡುವ ಪದ್ಧತಿ), ಪೊಪೊವಿಚ್ ಅವರ ಚೆಂಡು ನಿಲ್ಲದ ಆಟದಿಂದ, ಫೀನಿಕ್ಸ್‌ನಲ್ಲಿ ಕಣ್ಣಾರೆ ಕಂಡ ವೇಗದಿಂದ ಬೇಕಾದ್ದನ್ನು ಆಯ್ದು ಬೆಸೆದರು. ಇದರ ತಿರುಳು ಸರಳ: ಚೆಂಡು ಕೈಯಲ್ಲಿಲ್ಲದವನೂ ಓಡುತ್ತಿರಬೇಕು. ಕರಿ ಪಾಸ್ ಕೊಟ್ಟು ನಿಂತುಬಿಟ್ಟರೆ ಕಾವಲುಗಾರ ಉಸಿರು ಬಿಡುತ್ತಾನೆ. ಪಾಸ್ ಕೊಟ್ಟ ಮರುಕ್ಷಣ ಸಂಗಾತಿಯೊಬ್ಬರ ಬೆನ್ನ ಹಿಂದೆ ಸುತ್ತಿ ಮೂಲೆಗೆ ಓಡಿದರೆ ಎದುರಾಳಿಗಳಲ್ಲಿ ಇಬ್ಬರು ಗಾಬರಿಯಾಗುತ್ತಾರೆ, ಬುಟ್ಟಿಯ ಕೆಳಗೆ ಯಾರೋ ಒಬ್ಬರು ಬಿಡುವಾಗುತ್ತಾರೆ.

ಇದಕ್ಕಿಂತ ಕಷ್ಟದ ಬದಲಾವಣೆ ಬೆಂಚಿಗೆ ಸಂಬಂಧಿಸಿದ್ದು. ಆಂಡ್ರೆ ಇಗ್ವೊಡಾಲಾ ಆವರೆಗೆ ತಾವು ಆಡಿದ ಪ್ರತಿಯೊಂದು ಎನ್‌ಬಿಎ ಪಂದ್ಯವನ್ನೂ, 758 ಪಂದ್ಯಗಳನ್ನು, ಆರಂಭದ ಐವರಲ್ಲಿ ಒಬ್ಬರಾಗಿಯೇ ಆಡಿದ್ದವರು. ಅವರಿಗೆ ಬೆಂಚಿನಿಂದ ಬರಲು ಹೇಳಿ, ಆ ಜಾಗಕ್ಕೆ ಕಿರಿಯ ಹ್ಯಾರಿಸನ್ ಬಾರ್ನ್ಸ್ ಅವರನ್ನು ತಂದರು. ಬದುಕಿಡೀ ಬೆಂಚಿನ ಮೇಲೆ ಕುಳಿತು ಬಂದ ಮನುಷ್ಯ ಕೇಳಿದ್ದರಿಂದಲೇ ಆ ಮಾತಿಗೆ ತೂಕವಿತ್ತು. ಆ ಸೀಸನ್ 67 ಗೆಲುವು, 15 ಸೋಲು. ಫೈನಲ್ಸ್‌ನಲ್ಲಿ ಕ್ಲೀವ್‌ಲೆಂಡ್ 2–1ರಿಂದ ಮುಂದಿದ್ದಾಗ, ಸಿಬ್ಬಂದಿಯಲ್ಲಿ ಕಿರಿಯರಾದ ನಿಕ್ ಯುರೆನ್ ವಿಡಿಯೊಗಳನ್ನು ನೋಡಿ, ಎತ್ತರದ ಸೆಂಟರ್ ಆಂಡ್ರ್ಯೂ ಬೋಗಟ್ ಬದಲು ಇಗ್ವೊಡಾಲಾ ಅವರನ್ನು ಆರಂಭಕ್ಕೆ ಇಳಿಸಬಹುದೆಂದು ಸೂಚಿಸಿದರು. ಕೆರ್ ಒಪ್ಪಿದರು, ಪಂದ್ಯಕ್ಕೆ ಮುನ್ನ ಪತ್ರಕರ್ತರು ಕೇಳಿದಾಗ ಬದಲಾವಣೆಯೇನೂ ಇಲ್ಲವೆಂದು ಹೇಳಿ, ಪಂದ್ಯ ಗೆದ್ದ ಮೇಲೆ ಸುಳ್ಳು ಹೇಳಿದೆನೆಂದು ನಗುತ್ತಲೇ ಒಪ್ಪಿಕೊಂಡರು. ಆ ಪಂದ್ಯ 103–82, ನಂತರದ ಎರಡೂ ಪಂದ್ಯ ವಾರಿಯರ್ಸ್ ಪಾಲು, 1975ರ ನಂತರ ತಂಡಕ್ಕೆ ಮೊದಲ ಪ್ರಶಸ್ತಿ, ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗ್ವೊಡಾಲಾ. ಗೆಲುವಿನ ಸಂಭ್ರಮದಲ್ಲಿ ಸಲಹೆ ಯಾರದೆಂದು ಯುರೆನ್ ಅವರ ಹೆಸರನ್ನು ಕೆರ್ ಬಹಿರಂಗವಾಗಿ ಹೇಳಿದರು. ಎಷ್ಟು ಜನ ಹೊಸ ಕೋಚ್‌ಗಳು ಹಾಗೆ ಹೇಳಿಯಾರು?

ಪ್ರಶ್ನೆ: ಕರಿ, ಥಾಂಪ್ಸನ್, ಗ್ರೀನ್, ಮೇಲೆ ನಂತರ ಸೇರಿಕೊಂಡ ತಾರೆ ಕೆವಿನ್ ಡ್ಯುರಾಂಟ್. ಈ ಆಟಗಾರರಿದ್ದರೆ ಯಾರು ಕೋಚ್ ಆದರೂ ಗೆಲ್ಲುತ್ತಿದ್ದರು. ಅಲ್ಲವೇ? (ದಾವಣಗೆರೆ)

ಉತ್ತರ: ನಿಮ್ಮ ವಾದಕ್ಕೆ ಬಲ ಕೊಡುವ ಸಂಗತಿಯನ್ನು ನಾನೇ ಹೇಳುತ್ತೇನೆ. 2015ರ ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಾದ ತೊಡಕಿನಿಂದ ಕೆರ್ ಮುಂದಿನ ಸೀಸನ್‌ನ ಮೊದಲ 43 ಪಂದ್ಯಗಳಿಗೆ ಬರಲಾಗಲಿಲ್ಲ. ಸಹಾಯಕ ಲ್ಯೂಕ್ ವಾಲ್ಟನ್ ಉಸ್ತುವಾರಿಯಲ್ಲಿ ತಂಡ 39 ಗೆದ್ದು ನಾಲ್ಕೇ ಸೋತಿತು. ಸೀಸನ್ ಮುಗಿದಾಗ 73–9, ಅಂದರೆ ಆಟಗಾರನಾಗಿ ಸ್ವತಃ ಕೆರ್ ಪಾಲ್ಗೊಂಡಿದ್ದ 1995–96ರ ಬುಲ್ಸ್‌ನ 72–10 ದಾಖಲೆ ಮುರಿದಿತ್ತು. ಮತ್ತೆ 2019–20ರಲ್ಲಿ ಥಾಂಪ್ಸನ್ ಗಾಯಗೊಂಡು, ಡ್ಯುರಾಂಟ್ ತಂಡ ಬಿಟ್ಟು, ಕರಿ ಕೈಮೂಳೆ ಮುರಿದುಕೊಂಡಾಗ ಅದೇ ಕೋಚ್ ಕೈಯಲ್ಲಿ ತಂಡ 15 ಗೆದ್ದು 50 ಸೋತಿತು.

ಆಟಗಾರರಿಲ್ಲದೆ ಕೋಚ್ ಗೆಲ್ಲಲಾರರೆಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಅದರ ವಿಲೋಮ ಸಿದ್ಧವಾಗುವುದಿಲ್ಲ. ಕೆರ್ ಬರುವ ಮುನ್ನವೂ ಕರಿ, ಥಾಂಪ್ಸನ್, ಗ್ರೀನ್ ಮೂವರೂ ಅಲ್ಲೇ ಇದ್ದರು. ಅಲ್ಲದೆ ತಾರೆಯರ ತಂಡವನ್ನು ಎಂಟು ವರ್ಷದಲ್ಲಿ ಆರು ಸಲ ಫೈನಲ್ಸ್‌ಗೆ ಒಯ್ಯುವುದೆಂದರೆ ಆ ತಾರೆಯರು ಕೋಚ್ ಮಾತಿಗೆ ಕಿವುಡಾಗದಂತೆ ನೋಡಿಕೊಳ್ಳುವುದೂ ಹೌದು. 2018ರ ಫೆಬ್ರುವರಿಯಲ್ಲಿ ಫೀನಿಕ್ಸ್ ವಿರುದ್ಧದ ಪಂದ್ಯದ ಟೈಮ್‌ಔಟ್‌ಗಳಲ್ಲಿ ಕೆರ್ ಬೋರ್ಡು, ಮಾರ್ಕರ್ ಎರಡನ್ನೂ ಆಟಗಾರರ ಕೈಗೆ ಕೊಟ್ಟು ಹಿಂದೆ ಸರಿದರು. ಇಗ್ವೊಡಾಲಾ ಗೆರೆ ಎಳೆದು ವಿವರಿಸುತ್ತಿದ್ದರೆ ಕೋಚ್ ಗುಂಪಿನ ಹೊರಗೆ ಸುಮ್ಮನೆ ನಿಂತಿದ್ದರು. ತಂಡ 129–83ರಿಂದ ಗೆದ್ದಿತು. ಇದು ಎದುರಾಳಿಗೆ ಮಾಡಿದ ಅವಮಾನವೆಂದು ಫೀನಿಕ್ಸ್ ಕಡೆಯಿಂದ ಆಕ್ಷೇಪ ಬಂತು, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ತಂಡ ಆಟಗಾರರದು, ನನ್ನ ಧ್ವನಿ ಅವರಿಗೆ ಸಾಕಾಗಿತ್ತು ಎಂಬುದು ಕೆರ್ ಕೊಟ್ಟ ಸಮಜಾಯಿಷಿಯ ಸಾರ. ಡ್ಯುರಾಂಟ್ ಇಲ್ಲದೆಯೇ 2022ರಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಪ್ರಶಸ್ತಿ ಗೆದ್ದದ್ದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಕ್ರೀಡಾ ಕೋಚ್‌ಗೆ ಬಂದೂಕು ಕಾನೂನು, ರಾಜಕೀಯ ಇವೆಲ್ಲ ಏಕೆ ಬೇಕು? (ಮಂಗಳೂರು)

ಉತ್ತರ: ಕೆರ್ ಅವರ ವಿಷಯದಲ್ಲಿ ಅದು ಮನೆಯ ಸಂಗತಿ. ಅವರು ಹುಟ್ಟಿದ್ದು 1965ರಲ್ಲಿ, ಲೆಬನಾನ್‌ನ ಬೈರೂತ್‌ನಲ್ಲಿ. ತಂದೆ ಮ್ಯಾಲ್ಕಮ್ ಕೆರ್ ಅರಬ್ ರಾಜಕೀಯದ ವಿದ್ವಾಂಸರು. ಅಂತರ್ಯುದ್ಧದ ನಡುವೆ, 1982ರಲ್ಲಿ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 1984ರ ಜನವರಿ 18ರಂದು ತಮ್ಮ ಕಚೇರಿಯ ಹೊರಗೇ ಗುಂಡೇಟಿಗೆ ಬಲಿಯಾದರು. ಮಗ ಆಗ ಅರಿಝೋನಾದಲ್ಲಿ ಮೊದಲ ವರ್ಷದ ವಿದ್ಯಾರ್ಥಿ, ವಯಸ್ಸು 18. ಎರಡೇ ದಿನದ ನಂತರ ಅರಿಝೋನಾ ಸ್ಟೇಟ್ ವಿರುದ್ಧದ ಪಂದ್ಯಕ್ಕೆ ಮುನ್ನ ಮೌನಾಚರಣೆಯಲ್ಲಿ ಅತ್ತು, ಬೆಂಚಿನಿಂದ ಇಳಿದು, ಹೊಡೆದ ಮೊದಲ ಶಾಟನ್ನೇ ಬುಟ್ಟಿಗೆ ಹಾಕಿದರು. ನಾಲ್ಕು ವರ್ಷಗಳ ನಂತರ ಅದೇ ಎದುರಾಳಿಯ ಅಂಗಳದಲ್ಲಿ ಕೆಲವು ಪ್ರೇಕ್ಷಕರು ತಂದೆಯ ಸಾವನ್ನೇ ಎತ್ತಿ ಹೀಯಾಳಿಸಿ ಕೂಗಿದಾಗ, ಕೈಯಲ್ಲಿದ್ದ ಚೆಂಡನ್ನು ಬಿಟ್ಟು ಕೆಲಹೊತ್ತು ಬೆಂಚಿನ ಮೇಲೆ ಕುಳಿತರು. ಆಮೇಲೆ ಎದ್ದು ಮೊದಲ ಅರ್ಧದಲ್ಲೇ ಆರು ತ್ರೀ ಪಾಯಿಂಟರ್ ಹಾಕಿದರು.

2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯ ಶಾಲೆಯೊಂದರಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದ ಸಂಜೆ, ವಾರಿಯರ್ಸ್ ಅದೇ ರಾಜ್ಯದ ಡಲ್ಲಾಸ್‌ನಲ್ಲಿ ಆಡಬೇಕಿತ್ತು. ಆಟದ ಬಗ್ಗೆ ಮಾತಾಡುವುದಿಲ್ಲವೆಂದು ಪತ್ರಿಕಾಗೋಷ್ಠಿ ಆರಂಭಿಸಿದ ಕೆರ್, ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಮಸೂದೆಯನ್ನು ತಡೆಹಿಡಿದ ಸೆನೆಟರ್‌ಗಳನ್ನು ನೇರವಾಗಿ ಪ್ರಶ್ನಿಸಿ, ಮೇಜು ಗುದ್ದಿ ಎದ್ದು ಹೋದರು. ಕೋಚ್ ಕೋಚ್ ಆಗಿಯೇ ಇರಲಿ ಎಂಬ ನಿಮ್ಮ ಅಭಿಪ್ರಾಯವನ್ನು ಅಮೆರಿಕದಲ್ಲೂ ಅನೇಕರು ಹೇಳಿದ್ದಾರೆ. ತಂದೆಯನ್ನು ಹೀಗೆ ಕಳೆದುಕೊಂಡವರಿಗೆ ಈ ವಿಷಯದಲ್ಲಿ ಸುಮ್ಮನಿರೆಂದು ಹೇಳುವ ಹಕ್ಕು ನನಗಂತೂ ಇಲ್ಲ.

ಪ್ರಶ್ನೆ: ದೊಡ್ಡ ಆಟಗಾರರು ದೊಡ್ಡ ಕೋಚ್ ಆಗುವುದಿಲ್ಲವೆಂಬುದು ನಿಯಮವೇ? (ಕಲಬುರಗಿ)

ಉತ್ತರ: ನಿಯಮವಲ್ಲ. ಮ್ಯಾಜಿಕ್ ಜಾನ್ಸನ್ 1994ರಲ್ಲಿ ಲೇಕರ್ಸ್‌ಗೆ 16 ಪಂದ್ಯ ಕೋಚ್ ಆಗಿ ಐದನ್ನಷ್ಟೇ ಗೆದ್ದು ಬಿಟ್ಟುಹೋದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಬಿಲ್ ರಸೆಲ್ ಸೆಲ್ಟಿಕ್ಸ್‌ಗೆ ಆಡುತ್ತಲೇ ಕೋಚ್ ಆಗಿ 1968, 1969ರಲ್ಲಿ ಪ್ರಶಸ್ತಿ ಗೆದ್ದರು. ಲ್ಯಾರಿ ಬರ್ಡ್ ಮೊದಲ ವರ್ಷವೇ ವರ್ಷದ ಕೋಚ್ ಎನಿಸಿ, 2000ದಲ್ಲಿ ಇಂಡಿಯಾನಾ ತಂಡವನ್ನು ಫೈನಲ್ಸ್‌ಗೆ ಒಯ್ದರು. ಲೆನ್ನಿ ವಿಲ್ಕೆನ್ಸ್ ಆಟಗಾರರಾಗಿಯೂ ಕೋಚ್ ಆಗಿಯೂ ಹಾಲ್ ಆಫ್ ಫೇಮ್ (ಶ್ರೇಷ್ಠರ ಗೌರವ ಪಟ್ಟಿ) ಸೇರಿದವರು. ಇನ್ನೊಂದು ತುದಿಯಲ್ಲಿ ಪೊಪೊವಿಚ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ತಂಡದಲ್ಲಿ ಹನ್ನೆರಡು ಹುಡುಗಿಯರು, ಆಡುವವರು ಐದಾರು ಜನ. ಉಳಿದವರ ಮುಖ ನೋಡಲಾಗುವುದಿಲ್ಲ. ಕೆರ್ ಏನು ಮಾಡುತ್ತಾರೆ? (ಹಾಸನ ಜಿಲ್ಲೆ)

ಉತ್ತರ: ಅವರೂ ಪೂರ್ತಿ ಬಿಡಿಸಲಾಗದ ಸಮಸ್ಯೆಯಿದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಮುಖ್ಯ ಕೋಚ್ ಆಗಿದ್ದಾಗ ಅವರ ಬಳಿ ಹನ್ನೆರಡು ತಾರೆಯರಿದ್ದರು, ಪಂದ್ಯದ ಅವಧಿ ಎನ್‌ಬಿಎಯ 48ರ ಬದಲು 40 ನಿಮಿಷ. ಸರ್ಬಿಯಾ ವಿರುದ್ಧದ ಮೊದಲ ಪಂದ್ಯದಲ್ಲೂ ಅದೇ ಸರ್ಬಿಯಾ ವಿರುದ್ಧದ ಸೆಮಿಫೈನಲ್‌ನಲ್ಲೂ, ಆಗಷ್ಟೇ ಎನ್‌ಬಿಎ ಚಾಂಪಿಯನ್ ಆಗಿದ್ದ ಬೋಸ್ಟನ್‌ನ ಜೇಸನ್ ಟೇಟಮ್ ಅವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಸೆಮಿಫೈನಲ್‌ನಲ್ಲಿ ಕರಿ 36 ಅಂಕ ಹೊಡೆದು 95–91ರಿಂದ ತಂಡ ಪಾರಾಯಿತು, ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 98–87ರಿಂದ ಚಿನ್ನ ಬಂತು. ಟೇಟಮ್ ಅವರನ್ನು ಕೂರಿಸಿದ್ದರ ಹೊಣೆಯನ್ನು ಕೆರ್ ತಮ್ಮ ಮೇಲೆಯೇ ಹೊತ್ತುಕೊಂಡು ಮಾತಾಡಿದರೂ, ಆ ನವೆಂಬರ್‌ನಲ್ಲಿ ವಾರಿಯರ್ಸ್ ಬೋಸ್ಟನ್‌ಗೆ ಹೋದಾಗ ಅಲ್ಲಿನ ಪ್ರೇಕ್ಷಕರು ಅವರನ್ನು ಜೋರಾಗಿ ಅಣಕಿಸಿ ಸ್ವಾಗತಿಸಿದರು.

ಹಾಗಾಗಿ ಎಲ್ಲರನ್ನೂ ಸಮಾಧಾನಪಡಿಸುವ ಸೂತ್ರ ನಿಮಗೆ ಅವರಿಂದ ಸಿಗುವುದಿಲ್ಲ. ಸಿಗುವುದು ಎರಡು ರೂಢಿ. ಲೀಗ್ ಹಂತದ ಪಂದ್ಯಗಳಲ್ಲಿ ಅವರು ಹತ್ತು, ಹನ್ನೊಂದು ಜನರನ್ನು ಆಡಿಸುತ್ತಾರೆ, ಇದಕ್ಕಾಗಿ ಟೀಕೆಯನ್ನೂ ಕೇಳುತ್ತಾರೆ. ನಿಮ್ಮ ತಾಲ್ಲೂಕು ಮಟ್ಟದ ಸುಲಭ ಪಂದ್ಯಗಳಲ್ಲಿ ಇದನ್ನು ಧೈರ್ಯವಾಗಿ ಮಾಡಬಹುದು. ಎರಡನೆಯದಾಗಿ, ಆಡಿಸದಿರುವ ವಿಷಯವನ್ನು ಪಂದ್ಯಕ್ಕೆ ಮುನ್ನವೇ, ಕಾರಣ ಸಮೇತ, ಆ ಹುಡುಗಿಗೆ ನೀವೇ ಹೇಳಿ. ಅಭ್ಯಾಸದಲ್ಲಿ ಅವಳಿಗೆ ಒಂದೇ ಒಂದು ನಿರ್ದಿಷ್ಟ ಕೆಲಸ ಕೊಡಿ, ಉದಾಹರಣೆಗೆ ಮೂಲೆಯಿಂದ ಹೊಡೆಯುವ ಶಾಟ್, ಮತ್ತು ಹತ್ತು ನಿಮಿಷ ಬೆಂಚಿನ ಮೇಲೆ ಕೂರಿಸಿ ಎಬ್ಬಿಸಿದ ತಕ್ಷಣ ಅದನ್ನು ಹೊಡೆಸಿ ನೋಡಿ. ಬಿಸಿಯಾದ ಮೈಯಲ್ಲಿ ಸಾಲಾಗಿ ಹೊಡೆಸುವ ನೂರು ಶಾಟ್‌ಗಳಿಗಿಂತ ಬದಲಿ ಆಟಗಾರ್ತಿಗೆ ಈ ಅಭ್ಯಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.